ನನ್ನ ಸೀಟಿನ ಮೇಲೆ ನನ್ನನ್ನೇ ಕೂರಿಸಿ ಟೀ ಕೊಟ್ಟರು

ನಿಂಬೆಹಣ್ಣು ಇನ್ನೂ ಅಲ್ಲೇ ಇತ್ತು. ನಾನು ಮೊದಲು ನೋಡಿದ್ದು ಅದನ್ನೇ. ಒಣಗಿ, ಕಪ್ಪಾಗಿ, ಗೋಲಿ ಥರ ಆಗಿತ್ತು. ಅಲ್ಲಿಂದಲೇ ವಾಪಸ್ ಬಂದುಬಿಡಬೇಕಿತ್ತು. ಬರಲಿಲ್ಲ. ಆಮೇಲೆ ಸೀಟಿನ ಕಥೆ.

ಅಪ್ಪನ ಹಳೇ ಕಾರನ್ನ ಮತ್ತೆ ಹೊಸದರ ಹಾಗೆ ಮಾಡಿಸೋಣ ಅಂತ ಗ್ಯಾರೇಜಿಗೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಇವತ್ತು ಅದನ್ನ ನೋಡೋಕೆ ಹೋಗಿದ್ದೆ. ಮನೆಗೆ ಬಂದು ಎರಡು ಗಂಟೆಯಾಯಿತು. ಊಟ ಸೇರುತ್ತಿಲ್ಲ. "ಆ ಡಬ್ಬಾ ಗಾಡಿಗೆ ಇಷ್ಟೊಂದು ಯಾಕ್ರೀ" ಅಂದಳು ನಮ್ಮನೆಯವಳು. ಅವಳ ಮೇಲೂ ರೇಗಿದ್ದಾಯಿತು. ಈಗ ಬೇರೆ ಯಾರೂ ಉಳಿದಿಲ್ಲ, ನೀವೇ ಕೇಳಬೇಕು.

"ಶನಿವಾರ ಬನ್ನಿ ಸಾರ್, ಗಾಡಿ ರೆಡಿ" ಅಂದಿದ್ದ ಗ್ಯಾರೇಜ್ ಓನರ್. ರೆಡಿ ಅಂದರೆ ಓಡಿಸಿಕೊಂಡು ಬರಬಹುದು ಅಂತ ನಾನೇನೂ ಅಂದುಕೊಂಡಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅಷ್ಟು ಬುದ್ಧಿ ಬಂದಿದೆ. ಗಾಡಿಗೆ ಬಣ್ಣ ಹೊಡೆದಿರುತ್ತಾರೆ, ಒಳಗೆ ಸೀಟು ಕೂರಿಸಿರುತ್ತಾರೆ, ಮಗನನ್ನು ಒಂದು ಸಲ ಸ್ಟೀರಿಂಗ್ ಹಿಂದೆ ಕೂರಿಸಿ ಫೋಟೋ ತೆಗೆಯೋಣ. ಇಷ್ಟೇ ಆಸೆ. ಅದಕ್ಕೇ ಅವನನ್ನೂ ಕರೆದುಕೊಂಡು ಹೋದೆ. ಅದೇ ದೊಡ್ಡ ತಪ್ಪು.

ಗೇಟ್ ದಾಟಿರಲಿಲ್ಲ, ಒಳಗಿಂದ ಒಬ್ಬ ಹುಡುಗ ಕೂಗಿದ: "ಅಣ್ಣಾ, ಶನಿವಾರ ಬಂತೂ!"

ಇವತ್ತು ಶನಿವಾರ ಅಂತ ಹೇಳುತ್ತಿದ್ದಾನೆ ಅಂದುಕೊಂಡೆ. ಮಗ ನನ್ನ ಮುಖ ನೋಡಿದ. ಹನ್ನೆರಡು ವರ್ಷದ ಹುಡುಗ, ನನಗಿಂತ ಬೇಗ ಅರ್ಥವಾಯಿತು ಅವನಿಗೆ. "ಅಪ್ಪಾ, ಅದು ನಿನ್ನ ಹೆಸರು" ಅಂದ.

ಹೌದು. ಆ ಗ್ಯಾರೇಜಿನಲ್ಲಿ ನನ್ನ ಹೆಸರು ಶನಿವಾರ. ಪ್ರತಿ ಶನಿವಾರ ಹೋಗುತ್ತೇನಲ್ಲ, ಅದಕ್ಕೆ. ಬರೀ ಶನಿ ಅನ್ನದೆ ವಾರ ಸೇರಿಸಿದ್ದಾರೆ, ಅದೇ ಮರ್ಯಾದೆ.

"ಬನ್ನಿ ಸಾರ್, ಕೂತ್ಕೊಳಿ. ಲೇ, ಸಾರ್‌ಗೆ ಏನಾದ್ರೂ ಹಾಕೋ" ಅಂದ ಓನರ್. ಹುಡುಗ ಗ್ಯಾಸ್ ಸಿಲಿಂಡರ್ ಹಿಂದಿನಿಂದ ಒಂದು ಹಳೇ ಕಾರ್ ಸೀಟು ಎಳೆದುಕೊಂಡು ಬಂದ. ಅದರ ಮೇಲೆ ಬೆಕ್ಕು ಮಲಗಿತ್ತು, ಓಡಿಸಿದ. ಅಡಿಗೆ ಎರಡು ಮರದ ತುಂಡು ಕೊಟ್ಟ. ಕೂತೆ. ಸುಳ್ಳು ಯಾಕೆ ಹೇಳಲಿ, ಆರಾಮಾಗಿತ್ತು. ಎಡಗಡೆ ಸ್ವಲ್ಪ ತಗ್ಗು, ಆದರೆ ಬೆನ್ನಿಗೆ ಸರಿಯಾಗಿ ಹೊಂದಿಕೊಂಡಿತು. ಮಗ ಪಕ್ಕದಲ್ಲಿ ಟೈರ್ ಮೇಲೆ ಕೂತ. ಪೇಪರ್ ಲೋಟದಲ್ಲಿ ಟೀ ಬಂತು. ಟೀ ಕುಡಿಯುತ್ತಾ ಸುಮ್ನೆ ಸೀಟಿನ ಅಂಚು ಸವರುತ್ತಿದ್ದೆ. ಬೆರಳು ಒಂದು ತೂತಿನೊಳಗೆ ಹೋಯಿತು.

ಆ ತೂತು ನನಗೆ ಗೊತ್ತು.

1998ರಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಅಪ್ಪನ ಸಿಗರೇಟಿನ ಕಿಡಿ ಬಿದ್ದು ಆದ ತೂತು ಅದು. ಗುಂಡ್ಯ ಬರುವವರೆಗೂ ಅಮ್ಮ ಬೈದಿದ್ದಳು. ದೇವಸ್ಥಾನಕ್ಕೆ ಹೋಗುವಾಗ ಸಿಗರೇಟು ಬೇಕಿತ್ತಾ ಅಂತ. ಅಪ್ಪ ಒಂದು ಮಾತೂ ಆಡದೆ ಗೇರ್ ಬದಲಾಯಿಸುತ್ತಾ ಕೂತಿದ್ದ. ಹಿಂದಿನ ಸೀಟಿನಿಂದ ಬಗ್ಗಿ ಆ ತೂತಿಗೆ ಬೆರಳು ಹಾಕಿ ಸ್ಪಂಜು ಕಿತ್ತವನು ನಾನೇ. ಅದಕ್ಕೂ ಬೈಸಿಕೊಂಡಿದ್ದೆ.

"ಇದು ನನ್ನ ಸೀಟಲ್ವಾ?" ಅಂದೆ.

ಓನರ್ ಫೋನಿಂದ ತಲೆ ಎತ್ತಿದ. "ಹೌದು ಸಾರ್, ನಿಮ್ದೇ. ಅದಕ್ಕೇ ನಿಮಗೇ ಹಾಕ್ಸಿದ್ದು."

ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ನಾನೂ ನಕ್ಕೆ! ಅವರು ನಕ್ಕಿದ್ದು ಬಿಡಿ. ನಾನು ಯಾಕೆ ನಕ್ಕೆ? ಎರಡು ಗಂಟೆಯಿಂದ ಇದೇ ಯೋಚನೆ. ಆ ಸೀಟು ಆರು ತಿಂಗಳಿಂದ ಕುಶನ್ ಕೆಲಸದವನ ಹತ್ತಿರ ಇದೆ ಅಂತ ಇದೇ ಬಾಯಲ್ಲಿ ಹೇಳಿದ್ದ. ಅದಕ್ಕೆ ಅಂತ 18,000 ಅಡ್ವಾನ್ಸ್ ಕೊಟ್ಟಿದ್ದೇನೆ.

"ಕುಶನ್‌ನವನ ಹತ್ರ ಇದೆ ಅಂದಿದ್ರಲ್ಲ?"

"ಹೋಗಿತ್ತು ಸಾರ್. ಆ ಶೇಡ್ ರೆಕ್ಸಿನ್ ಸಿಗ್ಲಿಲ್ಲ ಅಂತ ವಾಪಸ್ ಕಳ್ಸಿದ."

"ಯಾವಾಗ?"

"ದಸರಾ ಟೈಮಲ್ಲಿ."

"ಮತ್ತೆ ದುಡ್ಡು?"

"ಅದು ಅವನ ಹತ್ರ ಸೇಫಾಗಿದೆ ಸಾರ್."

ಸೇಫಾಗಿದೆಯಂತೆ. ಬ್ಯಾಂಕಲ್ಲಿಟ್ಟ ಹಾಗೆ. ನಾನು ಆಗ ಎದ್ದು ನಿಲ್ಲಬೇಕಿತ್ತು. ಸೀಟನ್ನು ಹೊತ್ತುಕೊಂಡು ಆಟೋಗೆ ಹಾಕಿ ಮನೆಗೆ ತರಬೇಕಿತ್ತು. ಕನಿಷ್ಠ ಟೀ ಚೆಲ್ಲಬೇಕಿತ್ತು. ನಾನು ಮಾಡಿದ್ದೇನು ಗೊತ್ತಾ? "ಇನ್ನೆಷ್ಟು ದಿನ ಆಗಬಹುದು?" ಅಂತ ಕೇಳಿದೆ. ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿದೆಯಾ ಅಂತ ಕೇಳುವ ದನಿಯಲ್ಲಿ. ಅವನು "ಎರಡು ದಿನ ಸಾರ್" ಅಂದ. ನಾನು "ಸರಿ" ಅಂದೆ. ಟೀ ಚೆನ್ನಾಗಿದೆ ಅಂತಲೂ ಅಂದೆ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಅದೇ ಹೊತ್ತಿಗೆ ಒಬ್ಬರು ಬಂದರು. ಬಿಳೀ ಎಸ್‌ಯುವಿ, ಬಂಪರ್ ಮೇಲೆ ಒಂದು ಗೀರು. ನಿನ್ನೆ ಬಿಟ್ಟು ಹೋಗಿದ್ದಾರೆ, ಇವತ್ತು ತಗೊಂಡು ಹೋಗುತ್ತಿದ್ದಾರೆ. ಒಂದು ಸಲ ದನಿ ಏರಿಸಿದ್ದಕ್ಕೆ ನಾಲ್ಕು ಹುಡುಗರು ಬಟ್ಟೆ ಹಿಡಿದು ಗಾಡಿ ಒರೆಸಿದರು. ಹೊರಡುವಾಗ ನೇರ ನನ್ನ ಹತ್ತಿರ ಬಂದು ಪರ್ಸ್ ತೆಗೆದು, "ದುಡ್ಡು ನಿಮ್ಮ ಹತ್ರಾನೇ ಕೊಡ್ಬೇಕಾ?" ಅಂದರು.

ನನ್ನನ್ನು ಗ್ಯಾರೇಜಿನ ಲೆಕ್ಕ ಬರೆಯುವವನು ಅಂದುಕೊಂಡಿದ್ದಾರೆ. ಅಂದುಕೊಳ್ಳದೆ ಇನ್ನೇನು? ಅಷ್ಟು ಹೊಂದಿಕೊಂಡು ಕೂತಿದ್ದೆ. ತಗೊಂಡುಬಿಡಬೇಕಿತ್ತು ಆ ದುಡ್ಡನ್ನ. 18,000ದಲ್ಲಿ ಸ್ವಲ್ಪ ವಸೂಲಾಗುತ್ತಿತ್ತು.

ಗಾಡಿ ಯಾವುದು ಅಂತ ಹೇಳಲೇ ಇಲ್ಲ ಅಲ್ವಾ. ಕಾಂಟೆಸ್ಸಾ. 1990ರದ್ದು, ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್. ನಮ್ಮ ದೇಶದ ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ಭಾರೀ ಶಕ್ತಿಯ ಗಾಡಿ, ಅಂತ ಕರೆಯುತ್ತಾರೆ ಅದನ್ನ. ನಾನೂ ಹೇಳಿಕೊಂಡು ಓಡಾಡಿದ್ದೇನೆ. ಅಮೆರಿಕದಲ್ಲಿ 1964ರಲ್ಲೇ ಪಾಂಟಿಯಾಕ್ ಜಿಟಿಓಗೆ 6.4 ಲೀಟರ್ ವಿ8 ಹಾಕಿ 325 ಕುದುರೆ ಶಕ್ತಿ ಕೊಟ್ಟಿದ್ದರು. ನಮ್ಮದು 88. ಉಳಿದ ಮಸಲ್ ಎಲ್ಲ ಬಾನೆಟ್ಟಿನ ಉದ್ದದಲ್ಲಿದೆ. ಅದೂ ಇಸುಜು ಎಂಜಿನ್ ಬಂದ ಮೇಲೆ. 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ಬಿಟ್ಟಾಗ ಒಳಗಿದ್ದದ್ದು ಅಂಬಾಸಡರಿನ 1.5 ಎಂಜಿನ್. ಆನೆಗೆ ಕತ್ತೆಯ ಕಾಲು.

ಇಷ್ಟು ಬೈದೆ, ಆದರೂ ಹೇಳುತ್ತೇನೆ. ಅಪ್ಪ ಅದನ್ನು ಬೀದಿಗೆ ತಂದು ನಿಲ್ಲಿಸಿದರೆ ಜನ ನಿಂತು ನೋಡುತ್ತಿದ್ದರು. ಹಿಂದಿನ ಚಕ್ರ ತಳ್ಳುವ ಗಾಡಿ, ಐದು ಗೇರು. ಹಿಂದಿನ ಸೀಟಿನಲ್ಲಿ ನಾವು ಮೂರು ಮಕ್ಕಳು ಅಡ್ಡ ಮಲಗುತ್ತಿದ್ದೆವು.

ಸಾಮಾನು ಸಿಗಲ್ಲ ಸಾರ್ ಅನ್ನುತ್ತಾನೆ. ಅದೂ ಅರ್ಧ ನಿಜ. ಎಂಜಿನ್ ಸಾಮಾನು ಸಿಗಲ್ಲ ಅನ್ನುವ ಹಾಗಿಲ್ಲ. ಇದೇ ಇಸುಜು ಎಂಜಿನ್ನನ್ನು ಆಮೇಲೆ ಅಂಬಾಸಡರ್ 1800 ಐಎಸ್‌ಜೆಡ್‌ಗೂ ಹಾಕಿದರು. ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು ಗ್ಯಾಸ್ಕೆಟ್ ಸೆಟ್ ತಂದುಕೊಟ್ಟವನು ನಾನೇ. ಆದರೆ ಬಾಡಿ ಸಾಮಾನು, ಗಾಜಿನ ಬೀಡಿಂಗ್, ಟೇಲ್ ಲ್ಯಾಂಪ್, ಇವಕ್ಕೆ ಇನ್ನೊಂದು ಕಾಂಟೆಸ್ಸಾ ಸಾಯಬೇಕು. 2002ಕ್ಕೇ ಈ ಗಾಡಿ ತಯಾರಾಗೋದು ನಿಂತಿತು, 2014ರಲ್ಲಿ ಹಿಂದುಸ್ತಾನ್ ಮೋಟಾರ್ಸಿನ ಉತ್ತರಪಾರಾ ಫ್ಯಾಕ್ಟರಿಯಲ್ಲೂ ಕೆಲಸ ನಿಂತಿತು. ಅಮೆರಿಕದವರು ಪುಣ್ಯವಂತರು. ಅವರ 1967ರ ಫೋರ್ಡ್ ಮಸ್ಟಾಂಗ್ ಕಾರಿಗೆ ಇವತ್ತಿಗೂ ಇಡೀ ಬಾಡಿಶೆಲ್ ಹೊಸದಾಗಿಯೇ ಸಿಗುತ್ತದೆ. ನಾನು ಒಂದು ರಬ್ಬರ್ ಬೀಡಿಂಗಿಗೆ ಶಿವಾಜಿನಗರದ ಗುಜರಿಯಲ್ಲಿ ಮೂರು ಭಾನುವಾರ ಕಳೆದಿದ್ದೇನೆ.

ಆದರೆ ತುಕ್ಕಿಗೆ ಯಾವ ಸಾಮಾನು ಬೇಕಿತ್ತು ಹೇಳಿ? ಕಳೆದ ಜೂನ್‌ನಲ್ಲಿ ಬಣ್ಣವೆಲ್ಲ ಕೆರೆದು ತಗಡು ಕಾಣುವ ಹಾಗೆ ಮಾಡಿದರು. ಅರ್ಧಕ್ಕೆ ಬಣ್ಣದ ಅಡಿಗೆ ಹೊಡೆಯುವ ಪ್ರೈಮರ್ ಹೊಡೆದರು, ಅರ್ಧ ಹಾಗೇ ಬಿಟ್ಟರು. ಬೆಂಗಳೂರಿನ ಜೂನ್! ಮೇಲೆ ಹೊದಿಸಿದ್ದ ಟಾರ್ಪಾಲು ಯಾವನೋ ಇನ್ಯಾವುದೋ ಗಾಡಿಗೆ ತಗೊಂಡು ಹೋದ. ಬರೀ ತಗಡಿಗೆ ಎರಡೇ ದಿನದಲ್ಲಿ ಕೇಸರಿ ಬಣ್ಣ ಬಂತು. ಪ್ರೈಮರ್ ಹೊಡೆದ ಕಡೆಯಾದರೂ ಬಚಾವ್ ಅಂದುಕೊಂಡೆ. ಇಲ್ಲ. ಆ ಪ್ರೈಮರ್ ನೀರು ಕುಡಿಯುತ್ತದೆ. ಮೇಲೆ ಬಣ್ಣ ಹೊಡೆಯದೆ ತಿಂಗಳುಗಟ್ಟಲೆ ಮಳೆಗೆ ಬಿಟ್ಟರೆ ಅಡಿಯಲ್ಲಿ ತುಕ್ಕು ಹಿಡಿದು ಗುಳ್ಳೆ ಏಳುತ್ತದೆ. ಇದು ಪೇಂಟರಿಗೆ ಗೊತ್ತಿಲ್ಲವಾ? ನನಗೇ ಹೇಳಿಕೊಟ್ಟವನು ಅವನು. ಮತ್ತೆ ಕೆರೆದರು. ಕೆರೆದದ್ದಕ್ಕೆ ಮತ್ತೆ ದುಡ್ಡು. ಕೊಟ್ಟೆ.

ಆಯುಧಪೂಜೆಯ ದಿನ ನನ್ನ ಗಾಡಿಗೂ ಪೂಜೆ ಮಾಡಿದರು. ನಾನೇ ಸ್ವೀಟ್ ಬಾಕ್ಸ್ ತಗೊಂಡು ಹೋಗಿದ್ದೆ. ಚಕ್ರ ಇರಲಿಲ್ಲ, ಗಾಡಿ ಹಾಲೋ ಬ್ಲಾಕ್ ಮೇಲೆ ನಿಂತಿತ್ತು. ಬೂದಿ ಬಣ್ಣದ ಬಾನೆಟ್ ಮೇಲೆ ಕುಂಕುಮ, ಒಂದು ಸೇವಂತಿಗೆ ಹಾರ, ಮುಂದೆ ಬೂದುಗುಂಬಳಕಾಯಿ. ಹುಡುಗ ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ನಿಂತ. ಆಮೇಲೆ ಚಕ್ರ ಇರಬೇಕಾದ ನಾಲ್ಕು ಜಾಗದಲ್ಲಿ ಒಂದೊಂದು ಇಟ್ಟ. ಗಾಡಿ ಮುಂದೆ ಹೋದರೆ ತಾನೇ ನಿಂಬೆಹಣ್ಣು ಅಪ್ಪಚ್ಚಿಯಾಗೋದು? ಅದೇ ನಿಂಬೆಹಣ್ಣು ಇವತ್ತು ನೋಡಿದ್ದು. ನಾಲ್ಕರಲ್ಲಿ ಮೂರಿತ್ತು. ಇನ್ನೊಂದು ಎಲ್ಲಿ ಅಂತ ಕೇಳುವಷ್ಟು ಧೈರ್ಯ ಇರಲಿಲ್ಲ.

ಈ ನಡುವೆ ಆರ್‌ಸಿ ಮುಗಿದು ಏಳು ತಿಂಗಳಾಯಿತು. ಹದಿನೈದು ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೊಮ್ಮೆ ಆರ್‌ಟಿಓಗೆ ತೋರಿಸಿ ರಿನ್ಯೂ ಮಾಡಿಸಬೇಕು. ತಡವಾದರೆ ತಿಂಗಳಿಗೆ 500 ದಂಡ. ತೋರಿಸೋಣ, ಸಂತೋಷ. ಏನನ್ನ ತೋರಿಸಲಿ? ಹಾಲೋ ಬ್ಲಾಕ್ ಸಮೇತ ಹೊತ್ತುಕೊಂಡು ಹೋಗಲಾ?

ಸೋಮವಾರವೇ ಟೋಯಿಂಗ್ ಗಾಡಿ ಕರೆಸಿ ಎತ್ತಿಕೊಂಡು ಬರುತ್ತೇನೆ ಅಂತ ದಾರಿಯುದ್ದಕ್ಕೂ ಮಗನಿಗೆ ಹೇಳಿಕೊಂಡು ಬಂದೆ. "ಎಲ್ಲಿಗೆ?" ಅಂದ ಅವನು. ಅದೇ ಪ್ರಶ್ನೆ. ರೇಡಿಯೇಟರ್ ಒಬ್ಬನ ಹತ್ತಿರ. ಬಂಪರ್ ಕ್ರೋಮ್ ಪ್ಲೇಟಿಂಗ್‌ನವನ ಹತ್ತಿರ. ಸಣ್ಣಪುಟ್ಟದ್ದೆಲ್ಲ ಎರಡು ಗೋಣಿಚೀಲದಲ್ಲಿ, ಅದರಲ್ಲಿ ಯಾವುದು ನನ್ನದು, ಯಾವುದು ಇನ್ಯಾರದೋ ಅಂಬಾಸಡರಿನದು ಅಂತ ಬಿಚ್ಚಿದ ಹುಡುಗನಿಗೆ ಮಾತ್ರ ಗೊತ್ತಿತ್ತು. ಆ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ. ಇನ್ನೊಂದು ಗ್ಯಾರೇಜಿನವನಿಗೆ ತೋರಿಸಿದ್ದೆ. ಗಾಡಿ ಸುತ್ತ ಒಂದು ಸುತ್ತು ಬಂದು, "ಬೇರೆಯವರು ಬಿಚ್ಚಿದ್ದನ್ನ ನಾವು ಮುಟ್ಟಲ್ಲ ಸಾರ್" ಅಂದ. ಅವನದೂ ತಪ್ಪಿಲ್ಲ.

ನಿಜ ಹೇಳಬೇಕಂದರೆ ಇವನದೂ ಪೂರ್ತಿ ತಪ್ಪಿಲ್ಲ. ಬಂಪರ್ ಗೀರು ಅಂದರೆ ಇನ್ಶೂರೆನ್ಸ್ ದುಡ್ಡು, ಎರಡು ದಿನದಲ್ಲಿ ಮುಗಿಯುತ್ತದೆ, ಬಾಡಿಗೆ ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು. ನನ್ನದು ಬೇರೆ ಕೆಲಸ ಇಲ್ಲದಾಗ ಕೈ ಹಾಕುವ ಗಾಡಿ. ಬೇರೆ ಕೆಲಸ ಯಾವತ್ತೂ ಇರುತ್ತದೆ. ಅಲ್ಲಿನ ಟಿಂಕರ್ ಒಬ್ಬರಿದ್ದಾರೆ, ವಯಸ್ಸಾದವರು. ಕಾಲಿಡುವ ಜಾಗದ ತಗಡು ಪೂರ್ತಿ ತಿಂದುಹೋಗಿತ್ತು, ಕೆಳಗೆ ರಸ್ತೆ ಕಾಣುತ್ತಿತ್ತು. ಅವರು ಹೊಸ ಶೀಟ್ ಕತ್ತರಿಸಿ, ಮರದ ದಿಮ್ಮಿ ಮೇಲಿಟ್ಟು ಬಡಿದು ಬಡಿದು, ಹಳೆಯದರಲ್ಲಿದ್ದ ಉಬ್ಬು ಗೆರೆಗಳನ್ನೂ ಹಾಗೇ ಎಬ್ಬಿಸಿದರು. ಬೆಸುಗೆ ಎಲ್ಲಿದೆ ಅಂತ ಉಗುರಲ್ಲಿ ಹುಡುಕಿದರೂ ಸಿಗುವುದಿಲ್ಲ. ನೋಡುತ್ತಾ ನಿಂತರೆ ಅರ್ಧ ದಿನ ಹೋಗಿದ್ದು ಗೊತ್ತಾಗಲ್ಲ. ಸಮಸ್ಯೆ ಏನಂದರೆ ಅವರು ಊರಿಗೆ ಹೋದರೆ ಯಾವಾಗ ಬರುತ್ತಾರೆ ಅಂತಲೂ ಗೊತ್ತಾಗಲ್ಲ. ಯುಗಾದಿಗೆ ಹೋದವರು.

ಇಲ್ಲ, ಮತ್ತೆ ಮೆತ್ತಗಾಗುತ್ತಿದ್ದೇನೆ. ಹೀಗೇ ಆಗೋದು ನನಗೆ. ಹದಿನಾಲ್ಕು ತಿಂಗಳಿಂದ ಹೀಗೇ ಆಗಿದ್ದು.

ಯಾರಾದರೂ ಉತ್ತರ ಹೇಳಿ. ಗ್ಯಾರೇಜ್ ಇಟ್ಟುಕೊಂಡವರು ಓದುತ್ತಿದ್ದರೆ ನೀವೇ ಹೇಳಿ. "ಎರಡು ದಿನ" ಅಂತೀರಲ್ಲ, ಅದು ಯಾವ ಪಂಚಾಂಗದ ಎರಡು ದಿನ? ಆಗಲ್ಲ ಅಂತ ಒಂದು ಸಲ ಮುಖಕ್ಕೆ ಹೇಳಿದರೆ ಏನು ಹೋಗುತ್ತದೆ? ಆರು ತಿಂಗಳಾಗುತ್ತೆ ಅಂದಿದ್ದರೆ ನಾನು ಆರು ತಿಂಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಕರೆದು ಕರೆದು ಟೀ ಕೊಡೋದು ಯಾಕೆ? ಅದೂ ಇವತ್ತಿನ ಟೀ ದುಡ್ಡು ನಾನೇ ಕೊಟ್ಟಿದ್ದು. ಆರು ಟೀ, ಎರಡು ಬನ್.

ಹೊರಡುವಾಗ ಸೀಟನ್ನು ಒಳಗಿಡಿ, ಮಳೆ ಬರೋ ಹಾಗಿದೆ ಅಂದೆ. "ಇಡ್ತೀವಿ ಸಾರ್" ಅಂದರು. ಗೇಟಿನ ಹತ್ತಿರ ತಿರುಗಿ ನೋಡಿದೆ. ಬೆಕ್ಕು ಆಗಲೇ ಹತ್ತಿ ಮಲಗಿತ್ತು.

ಮುಂದಿನ ಶನಿವಾರ ಖಂಡಿತ ಹೋಗಲ್ಲ. ಶುಕ್ರವಾರ ರಜೆ ಹಾಕಿ ಹೋಗುತ್ತೇನೆ, ಏನಂತ ಕೂಗುತ್ತಾರೋ ನೋಡೋಣ.

ಅಂದಹಾಗೆ ಯಾರ ಹತ್ತಿರವಾದರೂ ಕಾಂಟೆಸ್ಸಾದ ಎಡಗಡೆ ಟೇಲ್ ಲ್ಯಾಂಪ್ ಇದ್ದರೆ ತಿಳಿಸಿ. ಗ್ಯಾರೇಜಿಗೆ ಬಿಡುವಾಗ ನನ್ನದು ಚೆನ್ನಾಗೇ ಇತ್ತು.