ಕಳ್ಳಪ್ರತಿ ಮತ್ತು ನಮ್ಮ ಡಿಟಿಪಿ ಅಂಗಡಿಗಳು

ತಂತ್ರಾಂಶದ (ಸಾಫ್ಟ್‌ವೇರ್) ದುಬಾರಿ ಬೆಲೆಯೇ ಜನ ಅದರ ಕಳ್ಳಪ್ರತಿ ಬಳಸಲು ಕಾರಣವೆಂದು ಲೇಖಕರೊಬ್ಬರು ಬರೆದಿದ್ದಾರೆ. ಆ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ವಿಜಯಪುರದಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ) ಅಂಗಡಿ ನಡೆಸುವ ನಾನೂ ಮೊದಲು ಬಳಸುತ್ತಿದ್ದುದು ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ ಪ್ರತಿಯನ್ನೇ. ಅದನ್ನು ಹಾಕಿಕೊಳ್ಳಲು ಆಂಟಿವೈರಸ್ ಬಂದ್ ಮಾಡಿದ್ದರಿಂದ ವೈರಸ್ ಹೊಕ್ಕು, ಲಗ್ನಸರಾಯಿಯ ಹೊತ್ತಿನಲ್ಲಿ ಮದುವೆ ಪತ್ರಿಕೆಗಳ ಫೈಲುಗಳೆಲ್ಲ ತೆರೆಯದಾದವು. ಗಿರಾಕಿಯೊಬ್ಬರು ನನ್ನ ವಿನ್ಯಾಸವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ದುಡ್ಡು ಕೊಡದೆ ಬೇರೆ ಕಡೆ ಅಚ್ಚು ಹಾಕಿಸಿದರೆ ಸಿಟ್ಟಾಗುವ ನಾನು, ಇನ್ನೊಬ್ಬರ ದುಡಿಮೆಯನ್ನು ಹಾಗೆಯೇ ಒಯ್ದಿದ್ದೆ. ಗೊತ್ತಿದ್ದೂ ಕಳ್ಳಪ್ರತಿ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು 7 ದಿನಗಳಿಂದ 3 ವರ್ಷಗಳವರೆಗೆ ಜೈಲು ಶಿಕ್ಷೆ ಹೇಳುತ್ತದೆ. ಆದರೆ ಆ ಭಯಕ್ಕಿಂತ ಪರ್ಯಾಯದ ಅರಿವೇ ಹೆಚ್ಚು ಕೆಲಸ ಮಾಡೀತು. ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಪುಟ ಜೋಡಿಸುವ ಸ್ಕ್ರೈಬಸ್, ಕಚೇರಿ ಕೆಲಸದ ಲಿಬ್ರೆಆಫೀಸ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗಿರುವ ಏಕರೂಪ ಸಂಕೇತ ಪದ್ಧತಿ) ಕನ್ನಡವೂ ಅವುಗಳಲ್ಲಿ ಮೂಡುತ್ತದೆ. ನಮ್ಮೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳು ಮೊದಲ ದಿನದಿಂದಲೇ ಇವನ್ನು ಕಲಿಸಲಿ.