ಶಿರಸಿ ಅಂದಾಜು, ವರ್ಮಾಂಟ್ ಚಳಿ

ನಮ್ಮ ಶಿರಸಿ ಕಡೆ ಕಟ್ಟಿಗೆ ಒಟ್ಟೋದು ಮಳೆಗಾಲಕ್ಕೆ, ಚಳಿಗೆ ಅಲ್ಲ. ಅಡಿಕೆ ಕೆಲಸ ಮುಗೀತಿದ್ದ ಹಾಗೆ ಸೊಪ್ಪಿನ ಬೆಟ್ಟದಿಂದ ಒಣಗಿದ ಕೊಂಬೆ, ಬಿದ್ದ ಮರ ತಂದು ಏಪ್ರಿಲ್-ಮೇ ಬಿಸಿಲಿಗೆ ಅಂಗಳದಲ್ಲಿ ಹಾಕಿ, ಮೃಗಶಿರಾ ಹಿಡಿಯೋದ್ರೊಳಗೆ ಕೊಟ್ಟಿಗೆ ಪಕ್ಕದ ಮಾಡಿಗೆ ತುಂಬಿದ್ರೆ ಆಯ್ತು. "ತಮಾ, ಮಳೆ ಬರದ್ರೊಳಗೆ ಎಲ್ಲಾ ಒಳಗೆ ಬರವು" ಅಂತ ಆಯಿ ಮೇ ತಿಂಗಳಿಡೀ ಹೇಳ್ತಿದ್ಲು.

ಅಮೆರಿಕದ ವರ್ಮಾಂಟಿಗೆ ಬಂದು ಹಳೇ ಮನೆ ತಗೊಂಡಾಗ ಹಾಲಲ್ಲಿ ದೊಡ್ಡ ಕಬ್ಬಿಣದ ಒಲೆ ಇತ್ತು. ಆಗಸ್ಟಲ್ಲಿ ಪಕ್ಕದ ಮನೆ ಮುದುಕ ಬಂದು ಈ ಸಲದ ಕಟ್ಟಿಗೆ ಎಲ್ಲಿ ಅಂದ, ಅಕ್ಟೋಬರಲ್ಲಿ ತರಿಸ್ತೀನಿ ಅಂದೆ, ಅವ ನನ್ನ ಮುಖ ನೋಡಿ ನಕ್ಕು ಹೋದ. ತರಿಸಿದ್ದು ಓಕ್, ಆಗಷ್ಟೇ ಕಡಿದದ್ದು. ಓಕ್ ಒಣಗೋಕೆ ಸೀಳಿ ಒಟ್ಟಿದ ಮೇಲೂ ಎರಡು ಬೇಸಿಗೆ ಬೇಕಂತೆ, ಆ್ಯಶ್ ಮರ ಆದ್ರೆ ಒಂದು ಸಾಕು, ನಂಗೇನು ಗೊತ್ತು. ಮೇಲಿಂದ ಶಿರಸಿ ಬುದ್ಧಿ ಬೇರೆ, ಇರಚಲು ಹೊಡೀಬಾರದು ಅಂತ ಸುತ್ತ ನೆಲದವರೆಗೂ ಟಾರ್ಪಾಲು ಹೊದ್ದಿಸಿಬಿಟ್ಟೆ! ಒಳಗೆ ಬೆವರಿ ಬೆವರಿ ಕಟ್ಟಿಗೆಗೆ ಬೂಷ್ಟು ಬಂತು. ಇಲ್ಲಿ ಮೇಲೆ ಮಾತ್ರ ತಗಡು, ಕೆಳಗೆ ಪ್ಯಾಲೆಟ್, ಬದಿಯೆಲ್ಲ ಗಾಳಿಗೆ ಬಿಡಬೇಕು, ಒಣಗಿಸೋದು ಬಿಸಿಲಿಗಿಂತ ಹೆಚ್ಚು ಗಾಳಿನೇ.

ನಿಜವಾದ ವ್ಯತ್ಯಾಸ ಅರ್ಥ ಆಗಿದ್ದು ಜನವರಿಲಿ. ಊರಲ್ಲಿ ಹಸಿ ಕಟ್ಟಿಗೆ ಒಲೆಗೆ ಹಾಕಿದ್ರೆ ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು, ಆಯಿ ಬೈಗುಳ, ತಪ್ಪು ಅಲ್ಲೇ ಗೊತ್ತಾಗತ್ತೆ. ಇಲ್ಲಿ ಗಾಜಿನ ಬಾಗಿಲು ಮುಚ್ಚಿದ್ರೆ ಒಳಗೆ ಹೊಗೆನೇ ಇಲ್ಲ, ಆರಾಮ ಅಂದ್ಕೊಂಡು ಕೂತಿರ್ತೀವಿ, ಆ ಹೊಗೆ ಮೇಲೆ ತಣ್ಣನೆ ಕೊಳವೆಲಿ ಟಾರಿನ ಹಾಗೆ ಅಂಟ್ಕೊಳ್ತಾ ಹೋಗತ್ತೆ, ಒಂದು ದಿನ ಅದಕ್ಕೇ ಬೆಂಕಿ ಹತ್ಕೊಂಡ್ರೆ ಮನೆನೇ ಹೋಯ್ತು. ಕೊಳವೆ ಕ್ಲೀನ್ ಮಾಡೋಕೆ ಬಂದವ ಬಕೆಟ್ಟಲ್ಲಿ ತೋರಿಸಿದ್ದು ನೋಡಿ ನಂಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗಂತ ಊರಿನ ಹೊಗೆ ಒಳ್ಳೇದು ಅಂತ ಅಲ್ಲ ಮತ್ತೆ, ಆಯಿ ಕಣ್ಣು ಹಾಳಾಗಿದ್ದು ಅದರಲ್ಲೇ ಅಂತ ನಾನು ಈಗಲೂ ಹೇಳ್ತೀನಿ, ಬೆಂಗಳೂರಿನ ಐಐಎಸ್ಸಿಯವರ ಹೊಗೆ ಕಮ್ಮಿ ಮಾಡೋ ಅಸ್ತ್ರ ಒಲೆ ನಮ್ಮನೆಗೆ ಬರೋದು ತಡ ಆಯ್ತು.

ಇಲ್ಲಿನವರದ್ದು ಶಿಸ್ತು ನಮ್ಮದು ಬರೀ ಅಂದಾಜು ಅನ್ನೋ ನೆಂಟರಿದಾರೆ, ನಾನಂತೂ ಒಪ್ಪಲ್ಲ. ನಾನು ಮೀಟರ್ ತಗೊಂಡಿದೀನಿ, ಕಟ್ಟಿಗೆನ ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿದ್ರೆ ತೇವ ಶೇಕಡಾ 20ರ ಒಳಗಿರಬೇಕು. ಮುದುಕನ ಹತ್ರ ಮೀಟರೇ ಇಲ್ಲ, ಎರಡು ತುಂಡು ಒಂದಕ್ಕೊಂದು ಬಡಿದು ಕಿವಿಗೊಡ್ತಾನೆ, ಠಣ್ ಅಂದ್ರೆ ಒಣಗಿದೆ, ದಪ್ ಅಂದ್ರೆ ಇಲ್ಲ. ನಮ್ಮ ಅಪ್ಪಯ್ಯನೂ ಥೇಟ್ ಹಾಗೇ ಮಾಡ್ತಿದ್ದ, ನಾನು ಅದನ್ನ ಕಲೀಲಿಲ್ಲ ಅಷ್ಟೇ.

ಈಗ ಎರಡು ವರ್ಷದ್ದು ಮುಂಚೇನೇ ಒಟ್ಟಿಡ್ತೀನಿ. ಮೊನ್ನೆ ಅಣ್ಣ ಫೋನಲ್ಲಿ ಒಂದು ಚಳಿಗಾಲಕ್ಕೆ ಎಷ್ಟು ಬೇಕು ಅಂತ ಕೇಳಿದ. ಇಲ್ಲಿ ಕಟ್ಟಿಗೆ ಅಳೆಯೋದು ಕಾರ್ಡ್ ಲೆಕ್ಕದಲ್ಲಿ, ನಾಲ್ಕು ಕಾರ್ಡ್, ಅಂದ್ರೆ 512 ಘನ ಅಡಿ ಅಂದೆ. ಊರಲ್ಲಿ ಅಡುಗೆಗೆ ಗ್ಯಾಸ್ ಬಂದಿದೆ, ಕಟ್ಟಿಗೆ ಬಚ್ಚಲೊಲೆಗೆ ಮತ್ತೆ ಅಡಿಕೆ ಬೇಯಿಸೋಕೆ ಮಾತ್ರ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಎಂತ ತಮಾ, ಅಲ್ಲೂ ಅಡಿಕೆ ಬೇಯಿಸ್ತ್ಯನಾ?"