ಮಕ್ಕಳ ಟಿವಿಯಲ್ಲಿ ಕಥೆಯಲ್ಲದ್ದಕ್ಕೂ ಒಂದು ಪೀಠ ಬೇಕು

ಕನ್ನಡ ವಾಹಿನಿಗಳಲ್ಲಿ ಕೆಲಸ ಮಾಡುವವರ ಮಾತಿನಲ್ಲಿ ‘ನಾನ್‌ಫಿಕ್ಷನ್’ ಎಂದರೆ ಹಾಡು, ಕುಣಿತ, ಹಾಸ್ಯದ ರಿಯಾಲಿಟಿ ಶೋಗಳು. ಅದರಲ್ಲಿ ಮಕ್ಕಳು ಕಾಣಿಸಿಕೊಳ್ಳುವುದು ಹೆಚ್ಚಾಗಿ ವೇದಿಕೆಯ ಮೇಲೆ, ತೀರ್ಪುಗಾರರ ಎದುರು. ನಾನು ನೆಲೆಸಿರುವ ಜರ್ಮನಿಯ ಮ್ಯೂನಿಕ್‌ನಲ್ಲಿ, ಮಕ್ಕಳ ಟಿವಿಯ ಸಂದರ್ಭದಲ್ಲಿ ಇದೇ ಪದ ಬಂದಾಗ ಜನರ ಮನಸ್ಸಿಗೆ ಮೊದಲು ಬರುವುದು ಸಾಕ್ಷ್ಯಚಿತ್ರ, ವಿಜ್ಞಾನ, ಮಕ್ಕಳ ಸುದ್ದಿ. ಈ ವ್ಯತ್ಯಾಸಕ್ಕೆ ಪ್ರಶಸ್ತಿಗಳೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಬವೇರಿಯಾ ರಾಜ್ಯ ಸರ್ಕಾರ, ಮ್ಯೂನಿಕ್ ನಗರಾಡಳಿತ ಮತ್ತು ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಯರಿಷರ್ ರುಂಡ್‌ಫುಂಕ್ ಸೇರಿ 1964ರಲ್ಲಿ ಸ್ಥಾಪಿಸಿದ, ಮಕ್ಕಳ ಟಿವಿ ಕಾರ್ಯಕ್ರಮಗಳಿಗಾಗಿರುವ ಪ್ರಿ ಜೂನೆಸ್ ಪ್ರಶಸ್ತಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅದರಲ್ಲಿ ಸ್ಪರ್ಧೆ ವಯಸ್ಸಿನ ಪ್ರಕಾರ: ಆರು ವರ್ಷದವರೆಗಿನವರಿಗೆ, ಏಳರಿಂದ ಹತ್ತರವರಿಗೆ, ಹನ್ನೊಂದರಿಂದ ಹದಿನೈದರವರಿಗೆ, ಪ್ರತಿ ವಯೋಮಾನದಲ್ಲೂ ಕಥೆಗೆ ಒಂದು, ಕಥೆಯಲ್ಲದ್ದಕ್ಕೆ ಒಂದು ವಿಭಾಗ. ಬೇರೆ ಬೇರೆ ದೇಶಗಳಿಂದ ಬಂದ ನಿರ್ಮಾಪಕರು ಒಂದೇ ಸಭಾಂಗಣದಲ್ಲಿ ಕುಳಿತು ಅಂತಿಮ ಸುತ್ತಿನ ಕಾರ್ಯಕ್ರಮಗಳನ್ನು ನೋಡಿ, ಗುಂಪುಗಳಲ್ಲಿ ಚರ್ಚಿಸಿ, ಆಮೇಲೆ ತಾವೇ ಮತ ಹಾಕುತ್ತಾರೆ. ನನಗೆ ಅತ್ಯಂತ ಮುಖ್ಯವೆನಿಸುವುದು ಈ ಚರ್ಚೆ, ಏಕೆಂದರೆ ಸೋತವರೂ ತಮ್ಮ ಕಾರ್ಯಕ್ರಮ ಮಗುವಿಗೆ ಎಲ್ಲಿ ಅರ್ಥವಾಗದೆ ಹೋಯಿತು ಎಂಬುದನ್ನು ತಿಳಿದುಕೊಂಡು ಊರಿಗೆ ಮರಳುತ್ತಾರೆ. ಗೇರಾ ಮತ್ತು ಎರ್ಫುರ್ಟ್ ನಗರಗಳಲ್ಲಿ ನಡೆಯುವ ‘ಚಿನ್ನದ ಗುಬ್ಬಿ’ ಎಂಬ ಮಕ್ಕಳ ಚಿತ್ರ ಮತ್ತು ಟಿವಿ ಉತ್ಸವವಂತೂ ಮಕ್ಕಳನ್ನೇ ತೀರ್ಪುಗಾರರ ಸ್ಥಾನದಲ್ಲಿ ಕೂರಿಸುತ್ತದೆ.

ಈ ಕಾಳಜಿಯ ಫಲ ನಮ್ಮ ಮನೆಗೂ ತಲುಪಿದೆ. 1971ರಿಂದ ಜರ್ಮನ್ ಟಿವಿಯಲ್ಲಿ ಪ್ರಸಾರವಾಗುತ್ತಿರುವ ‘ಇಲಿಯ ಕಾರ್ಯಕ್ರಮ’ವನ್ನು ಭಾನುವಾರ ಬೆಳಿಗ್ಗೆ ನನ್ನ ಮಗಳು ತಪ್ಪಿಸುವುದಿಲ್ಲ. ಟೂತ್‌ಪೇಸ್ಟಿನೊಳಗೆ ಬಣ್ಣದ ಗೆರೆಗಳು ಹೇಗೆ ಬರುತ್ತವೆ ಎಂಬಂಥ ಪ್ರಶ್ನೆಯನ್ನು ಎತ್ತಿಕೊಂಡು, ಕೊಳವೆಯ ಕತ್ತಿನ ಬಳಿ ಬಣ್ಣದ ಪೇಸ್ಟ್ ಬೇರೆಯಾಗಿ ನಿಂತು ಸಣ್ಣ ರಂಧ್ರಗಳಿಂದ ಹೊರಬರುವುದನ್ನು ಅವಸರವಿಲ್ಲದೆ ತೋರಿಸುವುದು ಅದರ ರೀತಿ. ಒಂದು ಭಾನುವಾರ ಅದನ್ನು ನೋಡಿ ಮುಗಿಸಿದವಳು ಸಾಗರದಲ್ಲಿರುವ ಅಜ್ಜಿಗೆ ವಿಡಿಯೋ ಕರೆ ಮಾಡಿ, “ಅಜ್ಜೀ, ಹಸಿರು ಅಡಿಕೆ ಕೆಂಪಾಗೋದು ಹೇಗೆ?” ಎಂದು ಕೇಳಿದಳು. ನನ್ನ ಅಮ್ಮ ಫೋನನ್ನು ಅಂಗಳಕ್ಕೆ ಒಯ್ದು, ಮೆಟ್ಟುಗತ್ತಿಯಲ್ಲಿ ಸುಲಿದ ಅಡಿಕೆಯನ್ನೂ, ಅದು ಹಂಡೆಯ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಕೆಂಪಾದ ನೀರಿನಲ್ಲಿ, ಬೇಯುವುದನ್ನೂ, ಬೆಂದದ್ದನ್ನು ಬಿಸಿಲಿಗೆ ಹರಡುವುದನ್ನೂ ಒಂದೊಂದಾಗಿ ತೋರಿಸಿದರು. ಇಂಥ ವಿಷಯಗಳು ಕನ್ನಡ ನಾಡಿನಲ್ಲಿ ಎಷ್ಟು ಬೇಕಾದರೂ ಇವೆ. ಅವುಗಳನ್ನು ಮಕ್ಕಳ ಕಣ್ಣಿನಿಂದ ಚಿತ್ರಿಸಿದವರಿಗೆ ಸಲ್ಲಬೇಕಾದ ಗೌರವ ಸಿಗುತ್ತಿಲ್ಲ.

ಹಣದ ವಿಚಾರವನ್ನು ಮರೆಮಾಚುವುದು ಸರಿಯಲ್ಲ. ಜರ್ಮನಿಯ ಪ್ರತಿ ಮನೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕೊಡುತ್ತದೆ, ಮಕ್ಕಳ ವಾಹಿನಿ ಕಿಕಾ ಜಾಹೀರಾತಿಲ್ಲದೆ ನಡೆಯುವುದು ಅದರಿಂದಲೇ. ನಮ್ಮಲ್ಲಿ ಅಂಥ ಶುಲ್ಕವಿಲ್ಲ. ಆದರೂ 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಉಪಗ್ರಹದ ನೆರವಿನಿಂದ ನಡೆದ ‘ಸೈಟ್’ ಎಂಬ ಶೈಕ್ಷಣಿಕ ಟಿವಿ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿ ಶಾಲೆಗಳ ಮಕ್ಕಳಿಗೆಂದೇ ಬೆಳಗಿನ ಪ್ರಸಾರವಿತ್ತು. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ರಸಪ್ರಶ್ನೆ, ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುತ್ತ 2002ರಿಂದ ನೋಡುಗರನ್ನು ಹಿಡಿದಿಟ್ಟಿದೆ. ಆಸಕ್ತಿ ಇಲ್ಲದ ನಾಡು ನಮ್ಮದಲ್ಲ.

ವಾಹಿನಿಗಳು ತಾವೇ ನಡೆಸುವ ವಾರ್ಷಿಕ ಪ್ರಶಸ್ತಿ ಸಂಜೆಗಳಲ್ಲಿ ಮನ್ನಣೆ ಬಹುಮಟ್ಟಿಗೆ ಧಾರಾವಾಹಿಯ ಪಾತ್ರಗಳಿಗೆ ಸಲ್ಲುತ್ತದೆ. ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ಮಕ್ಕಳ ಚಿತ್ರಕ್ಕೆ ಸ್ಥಾನವಿರುವಂತೆ, ಮಕ್ಕಳಿಗಾಗಿ ಮಾಡಿದ ಕಥೆಯಲ್ಲದ ಟಿವಿ ಕಾರ್ಯಕ್ರಮಕ್ಕೂ ಸರ್ಕಾರವೋ ಅಕಾಡೆಮಿಯೋ ಒಂದು ಪ್ರಶಸ್ತಿಯನ್ನು ಆರಂಭಿಸಬೇಕು. ದೊಡ್ಡ ಮೊತ್ತ ಬೇಡ. ಹತ್ತು ನಿಮಿಷದ ಕಾರ್ಯಕ್ರಮವೂ ಸ್ಪರ್ಧಿಸುವಂತಿರಲಿ, ತೀರ್ಪು ಕೊಡುವವರಲ್ಲಿ ಅರ್ಧದಷ್ಟು ಜನ ಬೀದರ್‌ನಿಂದ ಚಾಮರಾಜನಗರದವರೆಗಿನ ಶಾಲಾಮಕ್ಕಳಿರಲಿ, ಮತ್ತು ಆ ಮಕ್ಕಳು ನಿರ್ಮಾಪಕರ ಎದುರೇ ಕುಳಿತು ತಮಗೆ ಏನು ಹಿಡಿಸಿತು, ಎಲ್ಲಿ ಬೇಸರ ಬಂತು ಎಂದು ಹೇಳಲು ಪೂರಾ ಒಂದು ದಿನ ಮೀಸಲಿರಲಿ.